ನುಡಿದದ್ದೆಲ್ಲ ನಡೆದೇ ತೀರುತ್ತದೆಯೇ?

ಸಂಡೇ ಸ್ಕೂಲ್ ಮುಗಿದು ಮಕ್ಕಳು ಚಪ್ಪಲಿ ಹುಡುಕುವ ಹೊತ್ತಿಗೆ ತಾಯಂದಿರು ನನ್ನನ್ನು ಕೇಳುವುದು ಇದನ್ನೇ: "ಟೀಚರ್, ಬಾಯಿಂದ ಬಂದದ್ದು ನಡೆದೇ ಬಿಡುತ್ತದೆಯಂತೆ, ನಿಜವೇ?" ಕೆಟ್ಟ ಮಾತು ಬಾಯಿಗೆ ಬಂದರೆ "ಬಿಡ್ತು ಅನ್ನು" ಎನ್ನುವ ಹಿರಿಯರು ಕೊಡಗಿನ ಕ್ರೈಸ್ತ ಮನೆಗಳಲ್ಲೂ ಇದ್ದಾರೆ. ಈಗ ಅದರ ಜೊತೆಗೆ ಮೊಬೈಲಿನಲ್ಲಿ ಬರುವ ಬೋಧಕರ ಪ್ರಸಂಗಗಳು: ನಂಬಿ ಬಾಯಿಬಿಟ್ಟು ಹೇಳಿದರೆ ಸಾಲ ತೀರುತ್ತದೆ, ಕಾಯಿಲೆ ವಾಸಿಯಾಗುತ್ತದೆ.

ಇಲ್ಲ ಎಂಬುದೇ ನನ್ನ ಉತ್ತರ. "ಬೆಳಕಾಗಲಿ" ಎಂದಾಗ ಬೆಳಕಾದದ್ದು ದೇವರ ಮಾತಿಗೆ. ನಮ್ಮ ಮಾತಿಗೆ ಆತನು ಕಟ್ಟುಬಿದ್ದವನಲ್ಲ. ಅಪೊಸ್ತಲ ಪೌಲನು ಮೂರು ಸಲ ಬೇಡಿಕೊಂಡರೂ ಅವನ ಶರೀರದ ಶೂಲ ಹೋಗಲಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಮನೆ ಕಳೆದುಕೊಂಡವರ ನಾಲಿಗೆಯಲ್ಲಿ ದೋಷವಿತ್ತೇ? ಹಾಗೆನ್ನಲು ಯಾರಿಗೂ ಬಾಯಿ ಬರಬಾರದು. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅಲ್ಲಿಯವರೆಗೆ ಒಳ್ಳೆಯ ಗೆಳೆಯರೇ. ಬಾಯಿ ತೆರೆದು ತಪ್ಪನ್ನು ಅವನ ತಲೆಗೆ ಕಟ್ಟಿದರು. ಯೋಬನ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ದೇವರ ಕೋಪ ಅವರ ಮೇಲೆಯೇ ಬಂತು.

ಹಾಗಾದರೆ ಜೀವವೂ ಮರಣವೂ ನಾಲಿಗೆಯ ವಶದಲ್ಲಿವೆ ಎಂದು ಬೈಬಲಿನ ಜ್ಞಾನೋಕ್ತಿಗಳ 18ನೆಯ ಅಧ್ಯಾಯ ಹೇಳುವುದು ಸುಳ್ಳೇ? ಖಂಡಿತ ಅಲ್ಲ. ಆ ಬಲ ಕೆಲಸ ಮಾಡುವುದನ್ನು ನೋಡಬೇಕಾದರೆ ಕೇಳಿಸಿಕೊಂಡವರ ಮುಖ ನೋಡಬೇಕು.

ಕೊಯ್ಲಿನ ಕಾಲ. ಕಣದಲ್ಲಿ ಕಾಫಿ ಒಣಗುತ್ತಿದೆ, ಅಕಾಲದಲ್ಲಿ ಮಳೆ ಹನಿಯುತ್ತದೆ. ಟಾರ್ಪಾಲ್ ಎಳೆಯಲು ಹುಡುಗ ತಡಮಾಡುತ್ತಾನೆ. ವರ್ಷದ ದುಡಿಮೆ ನೆನೆಯುವುದನ್ನು ಕಂಡ ಅಪ್ಪ, ಕೆಲಸದವರೆಲ್ಲರ ಎದುರು, "ನೀನು ಹುಟ್ಟಿದ್ದೇ ದಂಡ" ಎಂದುಬಿಡುತ್ತಾನೆ. ಮರುದಿನ ಬಿಸಿಲು ಬರುತ್ತದೆ, ಕಾಫಿ ಒಣಗುತ್ತದೆ, ಅಪ್ಪನಿಗೆ ಆ ಮಾತು ಮರೆತೂ ಹೋಗುತ್ತದೆ. ಹುಡುಗ ಮಾತ್ರ ತರಗತಿಯಲ್ಲಿ ಗೊತ್ತಿರುವ ಉತ್ತರಕ್ಕೂ ಕೈ ಎತ್ತುವುದಿಲ್ಲ. ಇಂಥ ಮಕ್ಕಳು ನನ್ನ ಮುಂದೆ ಕುಳಿತಿರುತ್ತಾರೆ. ಇಲ್ಲಿ ಯಾವ ಶಾಪವೂ ಫಲಿಸಿಲ್ಲ. ಅಪ್ಪ ಹೇಳಿದ್ದನ್ನು ಮಗ ನಂಬಿದ, ಅಷ್ಟೇ. ಮಕ್ಕಳನ್ನು ಕೆಣಕಬೇಡಿ, ಅವರು ಮನಗುಂದಿಯಾರು ಎಂದು ಕೊಲೊಸ್ಸೆಯವರಿಗೆ ಬರೆದ ಪತ್ರ ತಂದೆಗಳಿಗೇ ಹೇಳುತ್ತದೆ. ಅದೇ ನಾಲಿಗೆಯಿಂದ ದೇವರನ್ನು ಕೊಂಡಾಡಿ, ದೇವರ ಹೋಲಿಕೆಯಲ್ಲಿರುವ ಮನುಷ್ಯನನ್ನು ಶಪಿಸುವುದು ಸರಿಯಲ್ಲ ಎಂಬ ಯಾಕೋಬನ ಪತ್ರದ ಮಾತು ಸಂಜೆಯ ಮನೆ ಪ್ರಾರ್ಥನೆಗೆ ಎಷ್ಟು ಹತ್ತಿರದ್ದು!

ಬೆಟ್ಟಕ್ಕೆ ಸಮುದ್ರದಲ್ಲಿ ಬೀಳು ಎಂದರೆ ಬೀಳುತ್ತದೆ ಎನ್ನುವ ಮಾರ್ಕನ ಸುವಾರ್ತೆಯ 11:23 ಎಲ್ಲರಿಗೂ ಬಾಯಿಪಾಠ. ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಿರಿ ಎನ್ನುವ 25ನೆಯ ವಚನವನ್ನೂ ಓದಿ ಎಂದು ನಾನು ಬೇಡಿಕೊಳ್ಳುತ್ತೇನೆ.

ಆಡಿದ ಮಾತಿಗೆ ಈಗೇನು ಮಾಡುವುದು ಎಂದು ಕೇಳುವ ತಂದೆಗಳಿದ್ದಾರೆ. ಅದನ್ನು ರದ್ದು ಮಾಡುವ ಮಂತ್ರ ಹುಡುಕಬೇಡಿ. ಮಗನನ್ನು ಕರೆದು, ಹಾಗೆ ಅನ್ನಬಾರದಿತ್ತು ಎಂದು ಹೇಳಿ. ಬೈದದ್ದು ಕೆಲಸದವರ ಎದುರಾದರೆ ಇದನ್ನೂ ಅವರ ಎದುರಿಗೇ ಹೇಳಿ. ಮುಂದೆ ಮಾತು ತೋಚದಿದ್ದರೆ ಬೈಬಲಿನ ಅರಣ್ಯಕಾಂಡದ 6ನೆಯ ಅಧ್ಯಾಯದಲ್ಲಿ ಯಾಜಕನಾದ ಆರೋನನಿಗೆ ಕೊಟ್ಟ ಆಶೀರ್ವಾದವಿದೆ. ತಲೆಯ ಮೇಲೆ ಕೈಯಿಟ್ಟು, ಮಗನ ಹೆಸರು ಹಿಡಿದು, ಅವನಿಗೆ ಕೇಳಿಸುವಂತೆ ಅದನ್ನೇ ಹೇಳಿ.