ಬಣ್ಣದಡಿಯ ಬೀಡು

ಮೈಸೂರಿನ ಚಳಿಗೆ ಫೈರ್‌ಪ್ಲೇಸ್ ಯಾಕಪ್ಪಾ ಅಂತ ಬಂದವರೆಲ್ಲ ಕೇಳುತ್ತಿದ್ದರು. ಊಟಿಯ ಹಳೇ ಬಂಗಲೆಯೊಂದನ್ನು ಕೆಡವಿದಾಗ ನಮ್ಮ ಮಾವ ಗುಜರಿಯವರ ಕೈಯಿಂದ ಬಿಡಿಸಿ ತಂದದ್ದು ಅದು. ಚಾಮರಾಜಪುರಂ ಮನೆಯ ಹಿತ್ತಲಲ್ಲಿ ಬಿದ್ದಿತ್ತು. ಬೀಡು ಕಬ್ಬಿಣ. ಆದರೆ ಬಿಳಿ, ಹಸಿರು, ಮತ್ತೆ ಬಿಳಿ ಅಂತ ಬಳಿದೂ ಬಳಿದೂ ಎರಕದ ಹೂಬಳ್ಳಿಯೆಲ್ಲ ಬರೀ ಉಬ್ಬಾಗಿ ಕಾಣುತ್ತಿತ್ತು.

ಪೇಂಟರಣ್ಣ ನೋಡಿದವರೇ, "ಗ್ರೈಂಡರ್ ಹಾಕ್ಬುಟ್ರೆ ಮಧ್ಯಾಹ್ನದೊಳಗೆ ಕ್ಲೀನು ಸಾರ್" ಅಂದರು. ಬೇಡ ಅಂದೆ. ಹಳೇ ಬಣ್ಣದಲ್ಲಿ ಸೀಸ ಇರುವುದು ಸಾಮಾನ್ಯ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಯಾದದ್ದೇ 2017ರ ನವೆಂಬರಿನಲ್ಲಿ. ಗ್ರೈಂಡರ್ ಹಚ್ಚಿದರೆ ಆ ಪುಡಿಯೆಲ್ಲ ಗಾಳಿಗೆ, ಅಲ್ಲೇ ಆಡುವ ಮಗಳ ಮೂಗಿಗೆ. ಹೀಟ್ ಗನ್ನೂ ಬೇಡವೆಂದೆ. ಬಿಸಿ ಹೆಚ್ಚಾದರೆ ಸೀಸದ ಹೊಗೆ; ಮೇಲಾಗಿ ಒಂದೇ ಕಡೆ ಕಾಯಿಸಿದರೆ ಬೀಡು ಬಿರುಕು ಬಿಡಬಹುದು. ಅದು ಬಾಗುವ ಜಾತಿಯದಲ್ಲ, ಒಡೆಯುವ ಜಾತಿಯದು.

ಹಾಗಾಗಿ ಪೇಂಟ್ ರಿಮೂವರ್ ಜೆಲ್ಲನ್ನೇ ದಪ್ಪಗೆ ಬಳಿದು, ಒಣಗದಂತೆ ಪ್ಲಾಸ್ಟಿಕ್ ಹೊದಿಸಿದೆವು. ಒಂದು ಹನಿ ಕೈಗೆ ತಾಗಿದರೂ ಉರಿ, ಗ್ಲೌಸ್ ಬಿಚ್ಚುವಂತಿಲ್ಲ. ಹೊದಿಕೆ ತೆಗೆದಾಗ ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು. ಒದ್ದೆಯಿರುವಾಗಲೇ ಕೆರೆದು ಹಳೇ ಪೇಪರಿನಲ್ಲಿ ಕಟ್ಟಿಟ್ಟೆವು. ಎಲೆಗಳ ಸಂದಿಗೆ ಹಿತ್ತಾಳೆ ಬ್ರಷ್ಷೂ ಇಳಿಯಲಿಲ್ಲ. ಪೇಂಟರಣ್ಣ ಬಿದಿರು ಕಡ್ಡಿ ಚೂಪು ಮಾಡಿಕೊಂಡು ಕೂತರು. ಬೆಳಿಗ್ಗೆ ಗ್ರೈಂಡರ್ ಕೇಳಿದ ಮನುಷ್ಯ ಇವರೇನಾ ಅನ್ನಿಸುವಷ್ಟು ತಾಳ್ಮೆ. ಬಳ್ಳಿಯ ನರಗಳು ಕೂಡ ಎದ್ದು ಬಂದವು. ನೀರು ಬಿದ್ದರೆ ಬರಿ ಬೀಡಿಗೆ ತುಕ್ಕು ಹಿಡಿಯಲು ಹೆಚ್ಚು ಹೊತ್ತು ಬೇಡ. ಟರ್ಪೆಂಟೈನ್ ಬಟ್ಟೆಯಲ್ಲೇ ಒರೆಸಿದೆವು.

ಹಾಗೇ ಬೂದು ಬಣ್ಣದಲ್ಲೇ ಬಿಡೋಣ ಅನ್ನುವುದು ನನ್ನ ಆಸೆ. "ಅರಮನೆ ಕಂಬಕ್ಕೇ ಬಣ್ಣ ಬಳಿದವ್ರೆ, ಇದ್ಯಾವ ಲೆಕ್ಕ ಸಾರ್?" ಅಂದರು ಪೇಂಟರಣ್ಣ. ಮಾತು ಸರಿಯೇ. 1912ರಲ್ಲಿ ಮುಗಿದ ಅರಮನೆಯ ಕಲ್ಯಾಣ ಮಂಟಪದ ಕಂಬಗಳೂ ಗ್ಲಾಸ್ಗೋದಲ್ಲಿ ಎರಕ ಹೊಯ್ದ ಬೀಡೇ. ಆದರೂ ಬೆಂಕಿ ಉರಿಯುವ ಜಾಗಕ್ಕೆ ಎನಾಮಲ್ ಆಗದು. ವಿಲಾಯಿತಿಯಲ್ಲಿ ಇವಕ್ಕೆ ಗ್ರಾಫೈಟಿನ ಕರಿ ಪಾಲಿಶ್ ಉಜ್ಜುತ್ತಿದ್ದರಂತೆ. ನಮಗೆ ಸಿಕ್ಕಿದ್ದು ಶಾಖ ತಡೆಯುವ ಕರಿ ಪೇಂಟು. ಅವರೇ ಹಚ್ಚಿದರು, ತೆಳ್ಳಗೆ, ಒಂದೇ ಕೋಟು. ಎರಡನೇ ಕೋಟು ಬೇಕೇ ಬೇಕು ಅಂತ ಈಗಲೂ ಫೋನ್ ಮಾಡುತ್ತಿರುತ್ತಾರೆ.