ಇಪ್ಪತ್ತೆಂಟು ಸೂಜಿ, ಎರಡು ಎಚ್‌ಪಿ

ತುಕ್ಕು ಕೆರೆಯುವ ಸೂಜಿ ಗನ್ನಿಗೆ ಗಾಳಿ ಕೊಡುವ ನನ್ನ ಶೆಡ್ಡಿನ ಕಂಪ್ರೆಸರ್ ಎರಡು ಎಚ್‌ಪಿಯದು. ಟ್ಯಾಂಕ್ 160 ಲೀಟರ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಎರಡು ಅಂಕಿಗಳ ಅರ್ಥ ನನಗೆ ಮುಂಚೆ ಗೊತ್ತಿದ್ದರೆ ಒಂದು ಮಳೆಗಾಲ ಪೂರ್ತಿ ಬೋಟಿನವರ ಹತ್ತಿರ ನಗೆಪಾಟಲಾಗಬೇಕಿರಲಿಲ್ಲ.

ಮಲ್ಪೆಯ ಹತ್ತಿರ ಸಣ್ಣ ಫ್ಯಾಬ್ರಿಕೇಶನ್ ಶೆಡ್ ನನ್ನದು. ವರ್ಷದ ಹತ್ತು ತಿಂಗಳು ಗೇಟು, ಗ್ರಿಲ್, ಶೀಟಿನ ಮಾಡು. ಉಳಿದ ಎರಡು ತಿಂಗಳು ಬೋಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಎಂಜಿನ್ ಬಿಚ್ಚುವವರು, ಬಲೆ ಸರಿ ಮಾಡುವವರು, ಪೇಂಟಿನವರು, ನಮ್ಮಂಥ ವೆಲ್ಡಿಂಗಿನವರು, ಎಲ್ಲರಿಗೂ ಅದೇ 61 ದಿನ. ಅದರಲ್ಲಿ ಮಳೆ ಬಿಡುವುದು ಎಷ್ಟು ದಿನ ಅಂತ ಮಾತ್ರ ಕೇಳಬೇಡಿ.

ಕಬ್ಬಿಣದ ಬೋಟಿಗೆ ತುಕ್ಕು ಹಿಡಿಯುವ ಜಾಗ ಪ್ರತಿ ವರ್ಷ ಒಂದೇ. ಬಲೆ ಎಳೆಯುವ ವಿಂಚಿನ ಕಾಲು, ಅದರ ಬೋಲ್ಟುಗಳ ಸುತ್ತ, ಡೆಕ್ ಮತ್ತು ಅಂಚಿನ ಪ್ಲೇಟು ಸೇರುವ ಮೂಲೆ. ಉಪ್ಪುನೀರು, ಐಸಿನ ನೀರು, ಮೀನಿನ ನೀರು ಎಲ್ಲ ಬಂದು ನಿಲ್ಲುವುದು ಅಲ್ಲೇ. ಗ್ರೈಂಡರ್ ಹೋಗದ ಜಾಗವೂ ಅದೇ.

ತುಂಬಾ ವರ್ಷ ನಾವು ಚಿಪ್ಪಿಂಗ್ ಹ್ಯಾಮರ್‌ನಲ್ಲಿ ಕುಟ್ಟಿ, ಗ್ರೈಂಡರಿಗೆ ತಂತಿಯ ಕಪ್ ಬ್ರಷ್ ಹಾಕಿ ಉಜ್ಜುತ್ತಿದ್ದೆವು. ಕಪ್ ಬ್ರಷ್ ಮೋಸಗಾರ. ದಪ್ಪ ತುಕ್ಕಿನ ಮೇಲೆ ಆಡಿಸಿದರೆ ಅದು ತುಕ್ಕನ್ನು ತೆಗೆಯುವುದಕ್ಕಿಂತ ಜಾಸ್ತಿ ಪಾಲಿಶ್ ಮಾಡುತ್ತದೆ. ಕಂದು ಬಣ್ಣ ಮಿರಿಮಿರಿ ಹೊಳೆಯುತ್ತದೆ, ನೋಡಿದವರಿಗೆ ಕ್ಲೀನ್ ಆಯ್ತು ಅನಿಸುತ್ತದೆ. ಮೇಲೆ ಪ್ರೈಮರ್ ಬಿತ್ತು, ಪೇಂಟ್ ಬಿತ್ತು. ದೀಪಾವಳಿ ಕಳೆಯುವಷ್ಟರಲ್ಲಿ ಹಪ್ಪಳ ಎದ್ದ ಹಾಗೆ ಪೇಂಟ್ ಎದ್ದಿರುತ್ತದೆ. ಇನ್ನು ಆ ಬ್ರಷ್ಷಿನ ತಂತಿ ಹಾರಿ ಅಂಗಿಗೆ, ಚರ್ಮಕ್ಕೆ ಚುಚ್ಚುವುದು ಬೇರೆ. ಫ್ಲ್ಯಾಪ್ ಡಿಸ್ಕ್ ಹಾಕಿದರೆ ತುಕ್ಕಿನ ಜೊತೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಸ್ಯಾಂಡ್ ಬ್ಲಾಸ್ಟಿಂಗ್ ಮಾಡೋಣ ಅಂದರೆ ಪಕ್ಕದಲ್ಲೇ ಇನ್ನೊಬ್ಬರ ಎಂಜಿನ್ ಬಿಚ್ಚಿ ಇಟ್ಟಿರುತ್ತಾರೆ. ಅದರೊಳಗೆ ಮರಳು ಹೋದರೆ ನಮ್ಮನ್ನು ಸುಮ್ನೆ ಬಿಡುತ್ತಾರಾ?

ಹಾಗಾಗಿ ನೀಡಲ್ ಸ್ಕೇಲರ್. ನಮ್ಮ ಹುಡುಗರ ಬಾಯಲ್ಲಿ ಸೂಜಿ ಗನ್. ಒಳಗೆ ಗಾಳಿಯಲ್ಲಿ ಹಿಂದೆ ಮುಂದೆ ಓಡುವ ಒಂದು ಪಿಸ್ಟನ್. ಅದು ಸೂಜಿಗಳ ತಲೆಗೆ ಹೊಡೆಯುತ್ತದೆ, ನಿಮಿಷಕ್ಕೆ ಸಾವಿರಗಟ್ಟಲೆ ಸಲ. ಸೂಜಿ ಅಂದರೆ ಬಟ್ಟೆ ಹೊಲಿಯುವ ಸೂಜಿ ಅಲ್ಲ, ಮೂರು ಮಿಲಿಮೀಟರ್ ದಪ್ಪದ, ಗೇಣಿಗಿಂತ ಚೂರು ಗಿಡ್ಡ ಇರುವ ಗಟ್ಟಿ ಉಕ್ಕಿನ ಕಡ್ಡಿ. ಇದರ ಮಜಾ ಇರುವುದು ಒಂದೊಂದು ಸೂಜಿಯೂ ತನ್ನಷ್ಟಕ್ಕೆ ಹಿಂದೆ ಸರಿಯುವುದರಲ್ಲಿ. ಬೋಲ್ಟಿನ ಮೇಲೆ ಇಟ್ಟರೆ ತಲೆಯ ಮೇಲಿನ ಸೂಜಿಗಳು ಒಳಗೆ ಹೋಗುತ್ತವೆ, ಸುತ್ತಲಿನವು ಕೆಳಗೆ ಇಳಿದು ಬುಡ ಕೆರೆಯುತ್ತವೆ. ಮೂಲೆ ವೆಲ್ಡಿಂಗಿನ ಅಲೆಅಲೆಯ ಮೇಲೆ ಇಟ್ಟರೆ ಆ ಅಲೆಯ ಆಕಾರವನ್ನೇ ಹಿಡಿಯುತ್ತವೆ. ಹ್ಯಾಮರ್ ತಾಗದ ಸಂದಿಯಲ್ಲಿ ಕೂತ ಸ್ಲ್ಯಾಗ್, ಅಂದರೆ ವೆಲ್ಡಿಂಗಿನ ಮೇಲೆ ಕಟ್ಟುವ ಕಪ್ಪು ಹೊಟ್ಟು, ಪುಡಿಯಾಗಿ ಉದುರುತ್ತದೆ.

ಮೊದಲ ಗನ್ ಆನ್‌ಲೈನ್‌ನಲ್ಲಿ ತರಿಸಿದ್ದು. ಅಗ್ಗದ್ದು. ಡಬ್ಬಿಯ ಮೇಲೆ 4 ಸಿಎಫ್ಎಂ, ಅಂದರೆ ನಿಮಿಷಕ್ಕೆ 4 ಘನ ಅಡಿ, ಗಾಳಿ ಸಾಕು ಅಂತ ಬರೆದಿತ್ತು. ನನ್ನ ಕಂಪ್ರೆಸರಿನ ಪ್ಲೇಟಿನ ಮೇಲೆ 7ಕ್ಕಿಂತ ಜಾಸ್ತಿ ಇತ್ತು. ಆರಾಮಾಗಿ ಆಗುತ್ತದೆ ಅಂದುಕೊಂಡೆ. ಬೋಟಿನ ಮೇಲೆ ಟ್ರಿಗರ್ ಒತ್ತಿದರೆ ಮುದುಕಿ ವೀಳ್ಯ ಕುಟ್ಟಿದ ಹಾಗೆ ಟಕ್ ಟಕ್. ಗನ್ನೇ ಸರಿ ಇಲ್ಲ ಅಂತ ಬೈದೆ. ಹಡಗು ರಿಪೇರಿ ಕೆಲಸದಲ್ಲಿರುವ ಗೆಳೆಯನ ಹತ್ತಿರ 28 ಸೂಜಿಯ ದೊಡ್ಡ ಗನ್ ಎರಡು ದಿನಕ್ಕೆ ಕೇಳಿ ತಂದೆ. ಅದು ಮೊದಲ ಒಂದೂವರೆ ನಿಮಿಷ ಇಡೀ ದಕ್ಕೆಗೆ ಕೇಳುವಂತೆ ಅಬ್ಬರಿಸಿತು. ಆಮೇಲೆ ಅದೂ ಟಕ್ ಟಕ್. ನಿಂತು ನೋಡುತ್ತಿದ್ದ ಬೋಟಿನ ಯಜಮಾನರು, "ಅದಕ್ಕೆ ಊಟ ಆಗ್ಲಿಲ್ಲ ಅಂತ ಕಾಣ್ತದೆ ಮಾರಾಯ್ರೇ" ಅಂದರು. ನಗಾಡಿದ್ದು ತಮಾಷೆಗೇ. ಆದರೆ ಅವರು ಹೇಳಿದ್ದು ಅಕ್ಷರಶಃ ಸರಿ ಇತ್ತು.

ಆ ರಾತ್ರಿ ಶೆಡ್ಡಿನಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು ಕೂತೆ. ಲೆಕ್ಕ ಸುಲಭ. 160 ಲೀಟರಿನ ಟ್ಯಾಂಕಿನಲ್ಲಿ ಒತ್ತಡ (ಚದರ ಸೆಂಟಿಮೀಟರಿಗೆ) ನಾಲ್ಕು ಕೆಜಿಯಿಂದ ಆರು ಕೆಜಿಗೆ ಏರಬೇಕಾದರೆ ಹೆಚ್ಚುಕಡಿಮೆ 320 ಲೀಟರ್ ಹೊರಗಿನ ಗಾಳಿ ಒಳಗೆ ಹೋಗಬೇಕು. ಎಲ್ಲ ವಾಲ್ವ್ ಮುಚ್ಚಿ ಕಂಪ್ರೆಸರ್ ಓಡಿಸಿದೆ. 130 ಸೆಕೆಂಡ್ ಹಿಡಿಯಿತು. ಅಂದರೆ ನಿಮಿಷಕ್ಕೆ ಸುಮಾರು 148 ಲೀಟರ್. ಒಂದು ಸಿಎಫ್ಎಂ ಅಂದರೆ 28.3 ಲೀಟರ್. ಭಾಗಿಸಿದರೆ 5.2. ಪ್ಲೇಟಿನ ಮೇಲಿದ್ದದ್ದು ಪಿಸ್ಟನ್ ಎಳೆದುಕೊಳ್ಳುವ ಗಾಳಿಯ ಲೆಕ್ಕ, ಟ್ಯಾಂಕಿನಿಂದ ನನ್ನ ಕೈಗೆ ಸಿಗುವ ಗಾಳಿಯದ್ದಲ್ಲ.

ಈಗ ಉಲ್ಟಾ. ಕಂಪ್ರೆಸರ್ ಆಫ್ ಮಾಡಿ, ಏಳು ಕೆಜಿಯಿಂದ ಐದು ಕೆಜಿಗೆ ಇಳಿಯುವವರೆಗೆ ದೊಡ್ಡ ಗನ್ನನ್ನು ಒಂದು ಹಳೆಯ ಪ್ಲೇಟಿನ ಮೇಲೆ ಒತ್ತಿ ಓಡಿಸಿದೆ. 75 ಸೆಕೆಂಡಿಗೆ ಮುಗಿಯಿತು. ಒಂಬತ್ತು ಸಿಎಫ್ಎಂ! ಐದು ಬರುವ ಮನೆಯಲ್ಲಿ ಒಂಬತ್ತು ಖರ್ಚು. ಟ್ಯಾಂಕಿನಲ್ಲಿ ಕೂಡಿಟ್ಟದ್ದು ಕರಗುವವರೆಗೆ ಅಬ್ಬರ, ಆಮೇಲೆ ಉಪವಾಸ.

ಆದರೆ ಮೊದಲಿನ ಚಿಕ್ಕ ಗನ್ ಯಾಕೆ ಸೋತಿತು? ಅದು ಮರುದಿನ ಗೊತ್ತಾಯಿತು. ನಾವು ಬಳಸುತ್ತಿದ್ದದ್ದು ಎಂಟು ಮಿಲಿಮೀಟರಿನ ಸುರುಳಿ ಪೈಪು, ಹದಿನೈದು ಮೀಟರ್. ಗನ್ನಿನ ಬುಡದಲ್ಲೇ ಪೈಪಿಗೆ ಒಂದು ಟಿ ಆಕಾರದ ಜೋಡು ಹಾಕಿ ಒತ್ತಡದ ಗೇಜ್ ಕೂರಿಸಿದೆ. ಟ್ರಿಗರ್ ಬಿಟ್ಟಿದ್ದಾಗ ಅಲ್ಲೂ ಆರು ಕೆಜಿ. ಒತ್ತಿದ ಕೂಡಲೇ ಮುಳ್ಳು ದಬಕ್ಕನೆ ಮೂರೂವರೆಗೆ ಬಿತ್ತು. ಡಬ್ಬಿಯ ಮೇಲೆ ಬರೆದದ್ದೆಲ್ಲ ಗನ್ನಿಗೆ ಗಾಳಿ ಹೋಗುವ ಬಾಯಲ್ಲಿ 6.3 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ಒಂದು ಕೆಜಿ) ಇದ್ದರೆ ಮಾತ್ರ. ಅರ್ಧ ಇಂಚಿನ ರಬ್ಬರ್ ಪೈಪು ಎಳೆದು, ಕಿರಿದಾದ ಕಪ್ಲಿಂಗ್ ತೆಗೆದು ದೊಡ್ಡದು ಹಾಕಿದೆ. ಮುಳ್ಳು ಐದೂವರೆಯಲ್ಲಿ ನಿಂತಿತು. ಅದೇ ಅಗ್ಗದ ಗನ್ ಈಗ ಬೇರೆಯೇ ಗನ್. ಪಾಪ, ಅದನ್ನು ಸುಮ್ನೆ ಬೈದಿದ್ದೆ.

ಅದು ಜಾಸ್ತಿ ದಿನ ಬಾಳಲಿಲ್ಲ ಅನ್ನುವುದೂ ನಿಜ. ಸೂಜಿಗಳ ತುದಿ ಅಣಬೆಯ ಹಾಗೆ ಅರಳಿತು, ಎರಡು ಮುರಿದವು. ಬೇರೆ ಸೂಜಿ ಎಲ್ಲೂ ಸಿಗಲಿಲ್ಲ. ಅದರ ಅಳತೆಯೇ ವಿಚಿತ್ರ. ಇನ್ನೊಂದು ತಪ್ಪು ನಮ್ಮದೇ. ಗಾಳಿಯ ಟೂಲಿಗೆ ದಿನಾ ಬೆಳಿಗ್ಗೆ ನಾಲ್ಕು ಹನಿ ತೆಳು ಎಣ್ಣೆ ಬಿಡಬೇಕು. ನಮ್ಮ ಹುಡುಗ ಕೈಗೆ ಸಿಕ್ಕಿದ ಎಂಜಿನ್ ಆಯಿಲನ್ನೇ ಸುರಿದಿದ್ದ. "ಎಣ್ಣೆ ಅಂದ್ರಲ್ಲ ಅಣ್ಣ, ಹಾಕಿದೆ" ಅಂದ. ಮಳೆಗಾಲದಲ್ಲಿ ಟ್ಯಾಂಕಿನ ಅಡಿಯ ಕಾಕ್ ತಿರುಗಿಸಿದರೆ ಲೋಟಗಟ್ಟಲೆ ನೀರು ಬರುತ್ತದೆ ನಮ್ಮ ಕಡೆ. ಆ ನೀರಿನ ಪಸೆ, ಈ ದಪ್ಪ ಎಣ್ಣೆ ಸೇರಿ ಒಳಗೆ ಚಾಕೊಲೇಟಿನಂಥ ಕೆಸರು. ಪಿಸ್ಟನ್ ಅಲ್ಲೇ ಕಚ್ಚಿಕೊಂಡಿತು. ಸೀಮೆಎಣ್ಣೆಯಲ್ಲಿ ಅದ್ದಿಟ್ಟು ಬಿಡಿಸಿದೆವು.

ಮರುವರ್ಷ ಮೇ ಕೊನೆಗೆ ಮಂಗಳೂರಿನ ಹಾರ್ಡ್‌ವೇರ್ ಅಂಗಡಿಗೆ ಹೋದಾಗ ಜೇಬಿನಲ್ಲಿ ಒಂದು ಚೀಟಿ ಇತ್ತು. ಅದರಲ್ಲಿ 5.2 ಅಂತ ಮಾತ್ರ ಬರೆದಿದ್ದೆ. ಅಂಗಡಿಯವರು ದೊಡ್ಡದನ್ನೇ ಮುಂದಿಟ್ಟರು. "ಬೋಟಿಗಲ್ವಾ, ಇದು ತಗೊಳ್ಳಿ, 28 ಸೂಜಿ." ನಾನು 12 ಸೂಜಿಯದ್ದು ಕೇಳಿದೆ. ಅದರಲ್ಲಿ ಏನು ಕೆಲಸ ಆಗುತ್ತದೆ ಅನ್ನುವ ಹಾಗೆ ನನ್ನ ಮುಖ ನೋಡಿದರು. ನಿಜ, ವಿಶಾಲ ಡೆಕ್ ಪೂರ್ತಿ ಕೆರೆಯಬೇಕಾದರೆ ದೊಡ್ಡದೇ ಬೇಕು. ಅದಕ್ಕೆ ತಕ್ಕ ಕಂಪ್ರೆಸರೂ ಬೇಕು. ನನಗೆ ಬೇಕಿದ್ದದ್ದು ಮೂಲೆ, ಬೋಲ್ಟು, ವೆಲ್ಡಿಂಗ್. ಹನ್ನೆರಡು ಸೂಜಿ ಹೊಟ್ಟೆ ತುಂಬ ಗಾಳಿ ತಿಂದು ಹೊಡೆದರೆ, ಹಸಿದ ಇಪ್ಪತ್ತೆಂಟಕ್ಕಿಂತ ಮುಂದೆ ಹೋಗುತ್ತದೆ.

ಪಿಸ್ತೂಲಿನ ಹಿಡಿಯದ್ದೋ, ಉದ್ದಕ್ಕೆ ನೇರ ಇರುವುದೋ ಅನ್ನುವುದಕ್ಕೆ ತುಂಬಾ ಹೊತ್ತು ಹಿಡಿಯಿತು. ನಿಂತುಕೊಂಡು ಬೋಟಿನ ಮೈಯ ಪ್ಲೇಟಿಗೆ ಒತ್ತಲು ಪಿಸ್ತೂಲ್ ಚೆನ್ನ. ಬಗ್ಗಿ ವಿಂಚಿನ ಅಡಿಗೆ ಕೈ ತೂರಿಸಲು ನೇರದ್ದೇ ಆಗಬೇಕು. ಅಂಗಡಿಯ ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂತು, ಒಂದು ಸ್ಟೂಲಿನ ಕೆಳಗೆ ಎರಡನ್ನೂ ತೂರಿಸಿ ನೋಡಿದೆ. ನೇರದ್ದನ್ನು ಹಿಡಿದೆ. ಮೂರು ಮಿಲಿಮೀಟರಿನ ಮಾಮೂಲಿ ಸೂಜಿ ಹಿಡಿಸುತ್ತದಾ, ಮುಂದಿನ ಕೊಳವೆ ಕೈಯಲ್ಲೇ ಬಿಚ್ಚುತ್ತದಾ ಅಂತ ಅಲ್ಲೇ ಬಿಚ್ಚಿಸಿ ನೋಡಿದೆ. ಒಂದು ಸೆಟ್ ಸೂಜಿ ಜಾಸ್ತಿ ತಗೊಂಡೆ. ಬಂದರಿನ ಹತ್ತಿರ ಸ್ಟೀಲ್ ಟ್ಯಾಂಕಿನ ಕೆಲಸವೂ ಆಗಾಗ ಬರುವುದರಿಂದ ಸ್ಟೇನ್‌ಲೆಸ್ ಸೂಜಿಯದ್ದೊಂದು ಸೆಟ್ ಬೇರೆ. ಮಾಮೂಲಿ ಉಕ್ಕಿನ ಸೂಜಿಯಲ್ಲಿ ಸ್ಟೇನ್‌ಲೆಸ್ಸನ್ನು ಕುಟ್ಟಿದರೆ ಕಬ್ಬಿಣದ ಕಣ ಅದರ ಮೈಗೆ ಹತ್ತಿ, ಸ್ವಲ್ಪ ದಿನಕ್ಕೆ ತುಕ್ಕಿನ ಚುಕ್ಕಿ ಏಳುತ್ತದೆ.

ಡಬ್ಬಿಯೊಳಗಿನ ಹಾಳೆಯಲ್ಲಿ ನಾನು ಹುಡುಕಿದ್ದು ಕಂಪನದ ಅಂಕಿ. ಅಗ್ಗದ ಗನ್ನಿನಲ್ಲಿ ಅದು ಇರಲೇ ಇಲ್ಲ. ಯುರೋಪಿನ ಕಾನೂನಿನ ಪ್ರಕಾರ ಎಂಟು ಗಂಟೆಯ ಲೆಕ್ಕದಲ್ಲಿ ಕೈಗೆ ತಾಗುವ ಕಂಪನ 2.5 ಮೀ/ಸೆ² ದಾಟಿದರೆ ಮಾಲೀಕ ಏನಾದರೂ ಕ್ರಮ ತಗೊಳ್ಳಬೇಕು, 5 ದಾಟುವಂತೆಯೇ ಇಲ್ಲ. ಗನ್ನಿನ ಕಂಪನ 10 ಇದ್ದರೆ ಅರ್ಧ ಗಂಟೆಗೆ ಮೊದಲ ಗೆರೆ, ಎರಡು ಗಂಟೆಗೆ ಎರಡನೆಯದು. ಇಲ್ಲಿ ಯಾರು ಅಳೆಯುತ್ತಾರೆ? ಆದರೆ ದೊಡ್ಡ ಗನ್ ಹಿಡಿದ ದಿನ ಸಂಜೆ ನಮ್ಮ ಹುಡುಗನ ಚಹಾದ ಲೋಟ ಕೈಯಲ್ಲಿ ಅಲ್ಲಾಡುತ್ತಿತ್ತು. ಬೆರಳಿಗೆಲ್ಲ ಜೋಮು. ವರ್ಷಗಟ್ಟಲೆ ಹೀಗೇ ಆದರೆ ಬೆರಳಿನ ರಕ್ತನಾಳ, ನರ ಎರಡೂ ಕೆಡುತ್ತವೆ. ಆಮೇಲೆ ಸರಿಯಾಗುವುದು ಕಷ್ಟ. ಅವನಿಗಿನ್ನೂ ಇಪ್ಪತ್ತೆರಡು.

ಹೊಸ ಗನ್ನಿಗೂ ಸ್ಟಾಪ್‌ವಾಚ್ ಇಟ್ಟೆ. 4.2 ಬಂತು. ಐದು ಬರುವ ಮನೆಗೆ ನಾಲ್ಕು ಚಿಲ್ಲರೆ ಖರ್ಚು. ಆದರೂ ಕಂಪ್ರೆಸರ್ ಹೆಚ್ಚುಕಡಿಮೆ ನಿಲ್ಲದೆ ಓಡುತ್ತದೆ, ಅದರ ಸಿಲಿಂಡರಿನ ತಲೆ ಬಿಸಿಯಾಗುತ್ತದೆ. ಹಾಗಾಗಿ ಹತ್ತು ನಿಮಿಷ ಹೊಡೆದು ಐದು ನಿಮಿಷ ನಿಲ್ಲಿಸುವುದು. ಕಂಪ್ರೆಸರಿಗೂ ಉಸಿರು, ಕೈಗೂ ಉಸಿರು.

ಜೂನ್ ಮೂರನೇ ವಾರ ಒಂದು ದಿನ ಮಳೆ ಬಿಟ್ಟಿತು. ಅದೇ ಯಜಮಾನರ ಬೋಟು. ಪೇಂಟಿನ ಕಂಪನಿಯ ಹಾಳೆಯಲ್ಲಿ ಎಸ್‌ಟಿ 3 ಅಂತ ಇತ್ತು. ಟೂಲಿನಲ್ಲಿ ತಿಕ್ಕಿ ಲೋಹದ ಹೊಳಪು ಬರುವವರೆಗೆ ಕ್ಲೀನ್ ಮಾಡಬೇಕು ಅಂತ ಅರ್ಥ. ಕಿವಿಗೆ ಮಫ್, ಕಣ್ಣಿಗೆ ಗಾಗಲ್ಸ್, ಮೂಗಿಗೆ ಮಾಸ್ಕ್. ಹಳೆಯ ಪೇಂಟಿನಲ್ಲಿ ಸೀಸ ಇರಬಹುದು. ವಿಂಚಿನ ಎಡಗಾಲಿನಿಂದ ಶುರು ಮಾಡಿದೆ. ನೆಟ್ಟಗೆ ಒತ್ತದೆ ಸ್ವಲ್ಪ ಓರೆ ಹಿಡಿದರೆ ಚಕ್ಕೆ ಬೇಗ ಏಳುತ್ತದೆ. ಮೊದಲು ಕೆಂಪು ಪೇಂಟು, ಅದರ ಅಡಿ ನೀಲಿ, ಅದರ ಅಡಿ ಇನ್ನೊಂದು ಕೆಂಪು, ಆಮೇಲೆ ಎಲೆಎಲೆಯಾಗಿ ತುಕ್ಕು. ಅದರ ಕೆಳಗೆ ಸಣ್ಣ ಸಣ್ಣ ಕುಳಿ ಬಿದ್ದ ಬೂದು ಕಬ್ಬಿಣ. ಕುಟ್ಟಿದ ತಾಮ್ರದ ಹಂಡೆಯ ಮೈ ಇರುತ್ತದಲ್ಲ, ಹಾಗೆ. ಪ್ರೈಮರ್ ಹಿಡಿಯಲು ಅಷ್ಟು ಒರಟು ಒಳ್ಳೆಯದೇ.

ನೀರು ಹೊರಗೆ ಹೋಗುವ ಕಿಂಡಿಯ ಹತ್ತಿರ ಬಂದಾಗ ಸದ್ದು ಬದಲಾಯಿತು. ಟಣಟಣ ಅನ್ನುತ್ತಿದ್ದದ್ದು ಡಬಡಬ ಅಂತು. ಕೈ ತೆಗೆಯುವಷ್ಟರಲ್ಲಿ ಮೂರು ಸೂಜಿ ಪ್ಲೇಟಿನ ಆಚೆಗೆ ಇಳಿದಿದ್ದವು. ಆರು ಮಿಲಿಮೀಟರಿನ ಪ್ಲೇಟು ಅಲ್ಲಿ ರಟ್ಟಿನಷ್ಟೂ ಉಳಿದಿರಲಿಲ್ಲ. ಪೇಂಟಷ್ಟೇ ಅದನ್ನು ಹಿಡಿದುಕೊಂಡಿತ್ತು.

"ಎಂತ ಮಾರಾಯ್ರೇ ಇದು! ತುಕ್ಕು ತೆಗೀಲಿಕ್ಕೆ ಹೇಳಿದ್ರೆ ತೂತು ಮಾಡಿ ಹಾಕಿದ್ರಲ್ಲ!"

ನಾನು ಬೆರಳಿನಲ್ಲಿ ತೂತಿನ ಅಂಚು ಒತ್ತಿದೆ. ಅಂಚೇ ಪುಡಿಯಾಗಿ ಬಿತ್ತು. ಯಜಮಾನರು ಕೂತು ತಾವೂ ಒತ್ತಿ ನೋಡಿದರು. ತೂತು ರೂಪಾಯಿ ನಾಣ್ಯದಷ್ಟಾಯಿತು. ಆಮೇಲೆ ಏನೂ ಮಾತಾಡಲಿಲ್ಲ.

ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿದೆವು. ಎರಡು ಅಂಗೈ ಅಗಲದ ತುಂಡು ಹೋಯಿತು. ಹೊಸ ಪ್ಲೇಟು ಕೂರಿಸಿ, ಬೆಚ್ಚಗೆ ಒಣಗಿಸಿಟ್ಟಿದ್ದ 7018 ವೆಲ್ಡಿಂಗ್ ರಾಡಿನಲ್ಲಿ ಸುತ್ತ ಬೆಸೆದೆ. ಪ್ರತಿ ಸುತ್ತಿನ ಮೇಲೂ ಸೂಜಿ ಗನ್. ಮೂಲೆಯ ಕಪ್ಪು ಸ್ಲ್ಯಾಗ್ ಎದ್ದು ಕೆಳಗಿನ ಬೆಳ್ಳಿ ಗೆರೆ ಸಂದುಸಂದಾಗಿ ಕಾಣುವಾಗ ಯಜಮಾನರು ಬಗ್ಗಿ ಹತ್ತಿರದಿಂದ ನೋಡುತ್ತಿದ್ದರು. ಒಂದು ಸಲ ತಾವೇ ಹಿಡಿಯುತ್ತೇನೆ ಅಂದರು. ಕೊಟ್ಟೆ. ಹತ್ತು ಸೆಕೆಂಡಿಗೆ ವಾಪಸ್ ಕೊಟ್ಟು ಕೈ ಕೊಡವಿಕೊಂಡರು.

ಸಂಜೆ ಮೋಡ ಕಟ್ಟುತ್ತಿತ್ತು. ಮಳೆ ಬರುವ ಮೊದಲು ಪ್ರೈಮರ್ ಬೀಳಬೇಕು, ಇಲ್ಲದಿದ್ದರೆ ಬರಿಯ ಕಬ್ಬಿಣ ಬೆಳಗಾಗುವಷ್ಟರಲ್ಲಿ ಕೆಂಪಗಾಗುತ್ತದೆ. ಹುಡುಗ ಡಬ್ಬಿ ಕಲಕಲು ಶುರು ಮಾಡಿದ. ಕಂಪ್ರೆಸರಿನಲ್ಲಿ ಇನ್ನೂ ಗಾಳಿ ಇತ್ತು. ಬಲಗಡೆಯ ಕಿಂಡಿಯನ್ನೂ ಒಮ್ಮೆ ನೋಡಿಬಿಡೋಣ ಅಂತ ಪೈಪು ಎಳೆದುಕೊಂಡು ಹೊರಟೆ.

ಯಜಮಾನರು ಅಡ್ಡ ಬಂದು ನಿಂತರು. "ಅಲ್ಲಿ ಬೇಡ ಮಾರಾಯ್ರೇ. ಅಲ್ಲಿ ಪೇಂಟ್ ಚಂದ ಉಂಟು."