ಮನಸ್ಸು ಗಟ್ಟಿಯಿದೆ, ಕೈ ನಡುಗ್ತಿದೆ

ಮಂಗಳವಾರ ಸಂಜೆ, ಮೆಡಿಕಲ್ ಶಾಪಿನ ಕೌಂಟರಿನ ಮುಂದೆ ನಿಂತು ಮಗ ಹೇಳಿದ್ದು: "ಗಟ್ಟಿ ಮನಸ್ಸು ಮಾಡ್ಬೇಕಷ್ಟೆ ಅಮ್ಮ. ನಾಲ್ಕು ದಿನ ಕಳೀತಲ್ಲ, ಇನ್ನೇನು?" ಎಪ್ಪತ್ತರ ಆಸುಪಾಸಿನ ಆ ತಾಯಿ ಹಳೇ ಚೀಟಿಯನ್ನು ಗಾಜಿನ ಮೇಲೆ ಒತ್ತಿ ಹಿಡಿದಿದ್ದರು. ಒತ್ತಿದರೂ ಅದು ಅಲುಗುತ್ತಿತ್ತು. "ಮನಸ್ಸು ಗಟ್ಟಿಯಿದೆ ಕಣೋ, ಕೈ ನಡುಗ್ತಿದೆ" ಎಂದರು.

ಆತಂಕಕ್ಕೂ ನಿದ್ದೆಗೂ ಕೊಡುವ ಮಾತ್ರೆ ಆಲ್ಪ್ರಜೋಲಾಮ್, 0.5 ಮಿ.ಗ್ರಾಂ., ರಾತ್ರಿಗೊಂದು, ಆರು ವರ್ಷದಿಂದ. ಮೊಬೈಲಿಗೆ ಬಂದ ಯಾವುದೋ ವಿಡಿಯೊ ನೋಡಿ ಮಗ ಶುಕ್ರವಾರ ಸ್ಟ್ರಿಪ್ಪನ್ನೇ ಕಸಕ್ಕೆ ಎಸೆದಿದ್ದ. ಕೆಟ್ಟವನಲ್ಲ. ಈ ತಪ್ಪು ಹೆಚ್ಚಾಗಿ ಆಗುವುದೇ ಕಾಳಜಿ ಇರುವ ಮಕ್ಕಳಿಂದ.

ಆ ನಡುಕಕ್ಕೂ ಮನಸ್ಸಿನ ಗಟ್ಟಿತನಕ್ಕೂ ಸಂಬಂಧವಿಲ್ಲ. ಮೆದುಳಿಗೆ ತನ್ನದೇ ಬ್ರೇಕ್ ಇದೆ, ಹೆಸರು ಗಾಬಾ. ಮಾತ್ರೆ ಆ ಬ್ರೇಕನ್ನು ಜೋರಾಗಿ ಒತ್ತುತ್ತದೆ. ವರ್ಷಗಟ್ಟಲೆ ಹೊರಗಿನವರು ಒತ್ತುತ್ತಿದ್ದರೆ ಮೆದುಳು ತನ್ನ ಕಾಲು ಸಡಿಲಿಸುತ್ತದೆ. ಮಾತ್ರೆ ಥಟ್ಟನೆ ನಿಂತ ದಿನ ಗಾಡಿ ಇಳಿಜಾರಿನಲ್ಲಿರುತ್ತದೆ: ನಿದ್ದೆಗೇಡು, ಬೆವರು, ಎದೆಬಡಿತ, ನಡುಕ. ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣುತ್ತದೆ. ಹಾಗಾದರೆ ಮನೆಯಲ್ಲಿ ಕಾಯಬಾರದು, ನೇರ ಆಸ್ಪತ್ರೆಗೆ ಹೋಗಬೇಕು. ಆಲ್ಪ್ರಜೋಲಾಮಿನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯುವ ಹೊತ್ತು, ಹೆಚ್ಚುಕಮ್ಮಿ 11 ಗಂಟೆ. ಹಾಗಾಗಿ ಒಂದೆರಡು ದಿನದಲ್ಲೇ ಕಾಟ ಶುರು. ಅದೇ ಗುಂಪಿನ ಕ್ಲೋನಜೆಪಾಮ್ ನಿಧಾನಕ್ಕೆ ಇಳಿಯುವುದರಿಂದ ಮೊದಲ ಕೆಲವು ದಿನ ಏನೂ ಆಗದೆ, "ನೋಡಿ, ಬಿಟ್ಟೇಬಿಟ್ಟೆ" ಎಂದು ನಂಬಿಸಿ ಆಮೇಲೆ ಹಿಡಿಯುತ್ತದೆ.

ಇನ್ನೊಂದು ಮೋಸವೂ ಇದೆ. ಬಿಟ್ಟ ಮೊದಲ ರಾತ್ರಿಗಳಲ್ಲಿ ನಿದ್ದೆ, ಮಾತ್ರೆ ಶುರುಮಾಡುವ ಮುಂಚೆ ಇದ್ದದ್ದಕ್ಕಿಂತಲೂ ಕೆಡುತ್ತದೆ. "ಮಾತ್ರೆ ಇಲ್ಲದೆ ನನಗೆ ನಿದ್ದೆಯೇ ಇಲ್ಲ" ಎಂದು ಜನ ತೀರ್ಮಾನಿಸಿಬಿಡುತ್ತಾರೆ. ಅದು ಹಳೇ ಕಾಯಿಲೆಯಲ್ಲ, ಮಾತ್ರೆ ಬಿಟ್ಟದ್ದರ ಫಲ.

ಹಾಗಾಗಿ ಥಟ್ಟನೆ ಬಿಡದೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಇಳಿಸುವ ಲೆಕ್ಕ ಮಿಲಿಗ್ರಾಮಿನದಲ್ಲ, ಶೇಕಡಾವಾರಿನದು. 2025ರ ಅಮೆರಿಕದ ಮಾರ್ಗಸೂಚಿ ಹೇಳುವುದು: 2ರಿಂದ 4 ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸಿ ಆರಂಭಿಸಿ. 2 ವಾರಕ್ಕೆ ಶೇ. 25 ದಾಟಲೇಬೇಡಿ. 0.5ರಿಂದ 0.25ರ ಒಂದೂವರೆ ಮಾತ್ರೆಗೆ, ಅಂದರೆ 0.375ಕ್ಕೆ ಇಳಿದರೆ ಆಗಲೇ ಶೇ. 25 ಆಯಿತು. ಅಷ್ಟು ಸಣ್ಣ ಮಾತ್ರೆಯನ್ನು ಕಾಲು ಮಾಡಲು ಹೋದರೆ ಪುಡಿಯಾಗುತ್ತದೆ. ಅದಕ್ಕೇ ಕೆಲವು ವೈದ್ಯರು ಅದೇ ಗುಂಪಿನ, ಹೆಚ್ಚು ಹೊತ್ತು ನಿಲ್ಲುವ ಡಯಜೆಪಾಮಿಗೆ ಬದಲಿಸುತ್ತಾರೆ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ 1982ರಿಂದ 1994ರವರೆಗೆ ಇಂಥ ಮಾತ್ರೆ ಬಿಡಿಸಲೆಂದೇ ಕ್ಲಿನಿಕ್ ನಡೆಸಿದ ವೈದ್ಯೆ ಹೆದರ್ ಆಷ್ಟನ್ ಅವರ ಪಟ್ಟಿಯಲ್ಲಿ 0.5 ಆಲ್ಪ್ರಜೋಲಾಮಿಗೆ 10 ಮಿ.ಗ್ರಾಂ. ಡಯಜೆಪಾಮ್ ಸಮ, ಬೇರೆ ಪಟ್ಟಿಗಳಲ್ಲಿ ಇನ್ನೂ ಕಡಿಮೆ. 10 ಆದ ಮೇಲೆ 9 ಬೇಕೆಂದರೆ 5ರ ಮಾತ್ರೆ ಒಂದು, 2ರದ್ದು ಎರಡು. ಆಮೇಲೆ 8ಕ್ಕೆ 2ರದ್ದು ನಾಲ್ಕು, ಆಮೇಲೆ 7ಕ್ಕೆ 5ರದ್ದೊಂದು, 2ರದ್ದೊಂದು. ವಯಸ್ಸಾದವರಲ್ಲಿ ಇದೇ ಡಯಜೆಪಾಮ್ ಮೈಯಲ್ಲಿ ಸೇರಿಕೊಳ್ಳುತ್ತ ಹೋಗಿ, ರಾತ್ರಿ ಬಚ್ಚಲಿಗೆ ಎದ್ದಾಗ ಬೀಳಿಸುತ್ತದೆ. ಹಾಗಾಗಿ ಬದಲಿಸಬೇಕೋ, ಇದ್ದದ್ದನ್ನೇ ಇಳಿಸಬೇಕೋ ಎನ್ನುವುದು ಆ ರೋಗಿಯನ್ನು ನೋಡುವ ವೈದ್ಯರ ತೀರ್ಮಾನ.

ಕೊನೆಯೇ ಕಷ್ಟ. 10ರಲ್ಲಿ 1 ಕಳೆದರೆ ಹತ್ತರಲ್ಲೊಂದು ಪಾಲು, 2ರಲ್ಲಿ 1 ಕಳೆದರೆ ಅರ್ಧ. ಆರಂಭದಲ್ಲಿ ಸಲೀಸಾಗಿ ಇಳಿದವರು ಕೊನೆಯ ಎರಡು ಮಿಲಿಗ್ರಾಮಿನಲ್ಲಿ ಎಡವುವುದು ಇದಕ್ಕೇ. ಎಡವಿದರೆ ಅದೇ ಮೆಟ್ಟಿಲಲ್ಲಿ ಇನ್ನೆರಡು ವಾರ ನಿಂತರಾಯಿತು, ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ.

"ದಿನ ಬಿಟ್ಟು ದಿನ ಕೊಡ್ಲಾ?" ಎಂದೂ ಮಗ ಕೇಳಿದ. ಎಲ್ಲರೂ ಕೇಳುತ್ತಾರೆ. ಆಲ್ಪ್ರಜೋಲಾಮಿನಲ್ಲಿ ಅದು ಎರಡು ದಿನಕ್ಕೊಮ್ಮೆ ಹೊಸದಾಗಿ ಮಾತ್ರೆ ಬಿಡಿಸಿದಂತೆ. ಪ್ರಮಾಣ ಇಳಿಯಲಿ, ಹೊತ್ತು ತಪ್ಪದಿರಲಿ. ಎಸ್‌ಆರ್ ಎಂದು ಬರೆದ ಮಾತ್ರೆಯನ್ನು ಪುಡಿ ಮಾಡಬಾರದು, ನಿಧಾನಕ್ಕೆ ಬಿಡುಗಡೆಯಾಗಬೇಕಾದ್ದು ಒಮ್ಮೆಲೇ ಆಗುತ್ತದೆ. ನಿದ್ದೆಗೆಂದು ಅಲರ್ಜಿಯ ಮಾತ್ರೆ ಅವಿಲ್ ನುಂಗಿಸುವ ಪಕ್ಕದ ಮನೆಯವರ ಸಲಹೆಯೂ ಬೇಡ. ವಯಸ್ಸಾದವರಿಗೆ ಮೂತ್ರ ಕಟ್ಟುತ್ತದೆ, ಬುದ್ಧಿ ಮಂಕಾಗುತ್ತದೆ. ಹೆಂಡದ ಮಾತಂತೂ ಎತ್ತಲೇಬಾರದು.

ಆರು ವರ್ಷ ಹೇಗೆ ಸಿಕ್ಕಿತು? ಆಲ್ಪ್ರಜೋಲಾಮ್ 2014ರಿಂದ ಎಚ್1 ಪಟ್ಟಿಯಲ್ಲಿದೆ, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದ, ಲೆಕ್ಕ ಇಡಬೇಕಾದ ಔಷಧಗಳ ಸಾಲಿನಲ್ಲಿ. ಬರೆದ ವೈದ್ಯರು, ರೋಗಿ, ಕೊಟ್ಟ ಪ್ರಮಾಣ ಎಲ್ಲ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಆ ತಾಯಿಯ ಚೀಟಿ ಮಡಿಕೆಯ ಜಾಗದಲ್ಲಿ ಹರಿದು, ಟೇಪು ಅಂಟಿಸಿಕೊಂಡಿತ್ತು. ಎಷ್ಟು ಅಂಗಡಿಯವರು ಅದನ್ನು ಬಿಚ್ಚಿ ನೋಡಿ ಸುಮ್ಮನೆ ಸ್ಟ್ರಿಪ್ ಕತ್ತರಿಸಿ ಕೊಟ್ಟಿರಬೇಕು! ಎರಡು ವಾರಕ್ಕೆಂದು ಬರೆದವರೂ "ಮತ್ತೆ ಬನ್ನಿ" ಎಂದಿದ್ದರೋ ಇಲ್ಲವೋ.

ಅಂಗಡಿಯವರು ಆ ಚೀಟಿಗೆ ಕೊಡದೆ ವೈದ್ಯರ ಬಳಿ ಕಳಿಸಿದರು. ಬುಧವಾರ ತಾಯಿ ಹೊಸ ಚೀಟಿ ತಂದರು: ಸದ್ಯ ಹಳೆಯ 0.5 ಅನ್ನೇ ಎರಡು ವಾರ, ನಡುಕ ನಿಂತ ಮೇಲೆ ಇಳಿಕೆ. ಮಗ ಈ ಸಲ ಮಾತಾಡಲಿಲ್ಲ, ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಪೆನ್ನು ಕೇಳಿದ. ಇಳಿಸುವಾಗ ಬೇಕಾಗುತ್ತದೆಂದು ಮಾತ್ರೆ ಕತ್ತರಿಸುವ ಪ್ಲಾಸ್ಟಿಕ್ ಡಬ್ಬಿ ತೋರಿಸಿದರೆ ತಾಯಿ ಅದನ್ನು ತೆರೆದು ಮುಚ್ಚಿ ನೋಡಿದರು.

"ಇದ್ಯಾಕೆ? ಮನೇಲಿ ಅಡಕತ್ತರಿ ಇದೆಯಲ್ಲ."